ಹಡಗು ಹೊರಡುವ ಮುನ್ನ

ನಾಸಿಕ್‌ಗೆ ಕೆಲಸಕ್ಕೆಂದು ಬಂದ ಕನ್ನಡಿಗರಿಗೆ ಸೈನ್ಯ ದೂರದ ಸಂಗತಿಯೇನಲ್ಲ. ಊರಾಚೆ ಓಝರ್‌ನಲ್ಲಿ ಎಚ್‌ಎಎಲ್ ಕಾರ್ಖಾನೆಯಿದೆ. 1964ರಲ್ಲಿ ಮಿಗ್-21 ಯುದ್ಧವಿಮಾನ ಕಟ್ಟಲೆಂದು ಹುಟ್ಟಿದ ಈ ವಿಭಾಗದಿಂದ ಮುಂದೆ ಸುಖೋಯ್-30 ವಿಮಾನಗಳೂ ಹೊರಬಂದವು. ಕಂಪನಿಯ ಪ್ರಧಾನ ಕಚೇರಿ ಬೆಂಗಳೂರಿನಲ್ಲಿರುವುದರಿಂದ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ವರ್ಗವಾಗಿ ಓಡಾಡಿದ ಮನೆಗಳು ಸಾಕಷ್ಟಿವೆ. ಇತ್ತ ದೇವಳಾಲಿಯಲ್ಲಿ ಸೇನೆಯ ಫಿರಂಗಿ ಶಾಲೆ. ಅಭ್ಯಾಸದ ದಿನಗಳಲ್ಲಿ ಆ ಕಡೆಯಿಂದ ಸದ್ದು ತೇಲಿ ಬರುತ್ತದೆ. ಹೊಸದಾಗಿ ಬಂದವರು ಗುಡುಗು ಎಂದುಕೊಂಡು ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತಾರೆ. ಹಳಬರು ತಲೆಯನ್ನೂ ಎತ್ತುವುದಿಲ್ಲ.

ಕಿವಿಗೆ ರೂಢಿಯಾದ ಸದ್ದು ಕೇಳಿಸುವುದು ನಿಲ್ಲುತ್ತದೆ. ಯುದ್ಧದ ಸುದ್ದಿಯೂ ಹಾಗೆಯೇ. ಯಾವುದೋ ದೊಡ್ಡ ದೇಶ ಇನ್ಯಾವುದೋ ನೆಲಕ್ಕೆ ಪಡೆ ಕಳಿಸುತ್ತದೆ, ನಾವು ಫೋನಿನಲ್ಲಿ ಬೆರಳಾಡಿಸಿ ಮುಂದೆ ಹೋಗುತ್ತೇವೆ. ಆದರೆ ನಮ್ಮದೇ ದೇಶದ ಪಡೆಯನ್ನು ಪರದೇಶಕ್ಕೆ ಕಳಿಸುವ ಮಾತು ಬಂದರೆ? ಗಡಿ ಕಾಯುವ ವಿಷಯ ನಾನಿಲ್ಲಿ ಎತ್ತುತ್ತಿಲ್ಲ. ಮನೆಗೆ ನುಗ್ಗಿದವನನ್ನು ತಡೆಯುವುದು ಬೇರೆ ಲೆಕ್ಕ. ಶಾಂತಿ ಕಾಯಲು, ಸ್ನೇಹಿತರಿಗೆ ನೆರವಾಗಲು, ಹಿತಾಸಕ್ತಿ ರಕ್ಷಿಸಲು ಎಂದು ಹೇಳಿ ಸಮುದ್ರ ದಾಟಿಸುವ ಪಡೆಯ ಬಗ್ಗೆ ಕೇಳುತ್ತಿದ್ದೇನೆ. ಅದು ಬೇಡ ಎನಿಸಿದ ನಾಗರಿಕ 'ಬೇಡ' ಎನ್ನಬೇಕಾದದ್ದು ಯಾವಾಗ?

ನನ್ನ ಉತ್ತರ ಚಿಕ್ಕದು. ಹಡಗು ಹೊರಡುವ ಮುನ್ನ. ಹೊರಟ ಮೇಲೆ ಆಡುವ 'ಬೇಡ'ಕ್ಕೆ ಬೆಲೆಯಿಲ್ಲವೆಂದಲ್ಲ, ಆದರೆ ಅಷ್ಟು ಹೊತ್ತಿಗೆ ಪ್ರಶ್ನೆಯೇ ಬದಲಾಗಿರುತ್ತದೆ. ಈ ಮಾತು ಸುಲಭವಾಗಿ ಕಂಡರೂ ಇದರೊಳಗೆ ಒಂದು ತೊಡಕಿದೆ. ವಿರೋಧಕ್ಕೆ ಹೆಚ್ಚು ಬಲವಿರುವ ಹೊತ್ತಿನಲ್ಲಿಯೇ ವಿರೋಧಿಸುವವನ ಕೈಯಲ್ಲಿ ಸಾಕ್ಷ್ಯ ಕಡಿಮೆ ಇರುತ್ತದೆ. ಆಗಿನ್ನೂ ಯಾರೂ ಸತ್ತಿರುವುದಿಲ್ಲ.

ದೇವಳಾಲಿಯ ಹೆಸರು ಇಂಗ್ಲಿಷ್ ಭಾಷೆಯೊಳಗೂ ಹೊಕ್ಕಿದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಸೇವೆ ಮುಗಿಸಿದ ಅವರ ಸೈನಿಕರನ್ನು ಇಲ್ಲಿನ ಶಿಬಿರಕ್ಕೆ ತಂದು ಬಿಡುತ್ತಿದ್ದರು. ಊರಿಗೆ ಹೋಗುವ ಹಡಗುಗಳು ಚಳಿಗಾಲದ ಕೆಲವು ತಿಂಗಳು ಮಾತ್ರ. ತಪ್ಪಿಸಿಕೊಂಡವನು ಮುಂದಿನ ಹಂಗಾಮಿನವರೆಗೆ ಇಲ್ಲಿಯೇ ಬಿದ್ದಿರಬೇಕು. ಬಿಸಿಲು, ಜ್ವರ, ಬೇಸರ, ಕುಡಿತ ಎಲ್ಲ ಸೇರಿ ತಲೆ ಕೆಟ್ಟವರನ್ನು ಕಂಡು ಅವರ ಜೊತೆಗಾರರು 'ಡೂಲ್ಯಾಲಿ' ಎನ್ನತೊಡಗಿದರು. ಇಂದಿಗೂ ಲಂಡನ್ನಿನ ಆಡುಮಾತಿನಲ್ಲಿ ತಲೆ ಕೆಟ್ಟವನಿಗೆ ಈ ಪದವಿದೆ. ಪರದೇಶಕ್ಕೆ ಸೈನಿಕನನ್ನು ಕಳಿಸುವುದಕ್ಕೂ ಅಲ್ಲಿಂದ ಅವನನ್ನು ಮರಳಿ ತರುವುದಕ್ಕೂ ಇರುವ ವ್ಯತ್ಯಾಸ ಆ ಪದದಲ್ಲಿಯೇ ಇದೆ.

ಹೋಗುವುದು ಎಷ್ಟು ಸುಲಭವೆಂದು ತಿಳಿಯಲು ಇದೇ ಮಹಾರಾಷ್ಟ್ರದ ಹೆಸರು ಹೊತ್ತ ಒಂದು ಪಡೆಯ ಕತೆ ಸಾಕು. 1914ರ ನವೆಂಬರ್‌ನಲ್ಲಿ ಬ್ರಿಟಿಷ್ ಭಾರತದ ಆರನೆಯ ಪುಣೆ ಡಿವಿಜನ್‌ನ ತುಕಡಿಗಳು ಇಂದಿನ ಇರಾಕಿನ ತುದಿಯಲ್ಲಿ ಇಳಿದವು. ಉದ್ದೇಶ ಸೀಮಿತವಾಗಿತ್ತು: ಪರ್ಷಿಯಾ ಕೊಲ್ಲಿಯ ತುದಿಯಲ್ಲಿದ್ದ ತೈಲದ ನೆಲೆಯನ್ನು ಕಾಯುವುದು. ಅದೇ ತಿಂಗಳು ಬಸ್ರಾ ಸಿಕ್ಕಿತು. ಬಸ್ರಾ ಉಳಿಯಬೇಕಾದರೆ ಅದರ ಮೇಲಿನ ಕುರ್ನಾ ಬೇಕೆಂದರು, ಅದೂ ಸಿಕ್ಕಿತು. ಕುರ್ನಾ ಉಳಿಯಲು ಅಮಾರಾ, ಅಮಾರಾ ಉಳಿಯಲು ಕೂತ್. ಇಷ್ಟು ಬಂದ ಮೇಲೆ ಬಾಗ್ದಾದ್ ಏನು ದೂರ ಎನಿಸಿತು. ಬಾಗ್ದಾದಿನ ಹೊಸ್ತಿಲಲ್ಲಿ ಪೆಟ್ಟು ತಿಂದು ಕೂತ್‌ಗೆ ಹಿಂದಿರುಗಿದ ಪಡೆಯನ್ನು ತುರ್ಕರು ಸುತ್ತುಗಟ್ಟಿದರು. 147 ದಿನಗಳ ಹಸಿವಿನ ನಂತರ, 1916ರ ಏಪ್ರಿಲ್ 29ರಂದು, ಸುಮಾರು 13,000 ಮಂದಿ ಶರಣಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಮರಾಠಾ ಪಲ್ಟಣಗಳೂ ಅದರಲ್ಲಿದ್ದವು. ಇಂದಿಗೂ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರುವ ಹುಡುಗ ತರಬೇತಿಗೆ ಬರುವುದು ನಮ್ಮ ಬೆಳಗಾವಿಗೆ. ಅವರನ್ನು ಬಿಡಿಸಲು ಹೋದ ಪಡೆಗಳಲ್ಲಿ ಸತ್ತವರು, ಗಾಯಗೊಂಡವರು ಒಳಗೆ ಸಿಕ್ಕಿಬಿದ್ದವರಿಗಿಂತ ಹೆಚ್ಚು.

ಈ ಒಂದೊಂದು ಹೆಜ್ಜೆಗೂ ಕಾರಣವಿತ್ತು. ಎಲ್ಲ ಹೆಜ್ಜೆಗಳನ್ನು ಒಟ್ಟಿಗೆ ನೋಡಿದರೆ ಮಾತ್ರ ಹುಚ್ಚು ಕಾಣುತ್ತದೆ. 1914ರಲ್ಲಿ ಯಾರಾದರೂ ಎದ್ದುನಿಂತು, ತೈಲದ ಕೊಳವೆ ಕಾಯಲು ಹೋದವರು ಕುದುರೆ ಮಾಂಸ ತಿಂದು ಶರಣಾಗುತ್ತಾರೆ ಎಂದಿದ್ದರೆ ಜನ ನಕ್ಕಿರುತ್ತಿದ್ದರು. ಆಗ ನಮಗೆ 'ಬೇಡ' ಎನ್ನುವ ಹಕ್ಕೂ ಇರಲಿಲ್ಲವೆನ್ನಿ. ಶಿಮ್ಲಾದಲ್ಲಿ ಕುಳಿತವರು ತೀರ್ಮಾನಿಸಿದರು, ಹಳ್ಳಿಗಳು ಹುಡುಗರನ್ನು ಕೊಟ್ಟವು. ಮೈಸೂರು ಸಂಸ್ಥಾನದ ಲ್ಯಾನ್ಸರ್ ಕುದುರೆ ಸವಾರರೂ ಹೀಗೆಯೇ ಹೋಗಿ 1918ರ ಸೆಪ್ಟೆಂಬರ್ 23ರಂದು ಹೈಫಾ ಗೆಲ್ಲುವ ಕಾಳಗದಲ್ಲಿ ಪಾಲ್ಗೊಂಡರು. ಅವರ ಧೈರ್ಯವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಮೈಸೂರಿನ ಸವಾರನಿಗೆ ಹೈಫಾದಲ್ಲಿ ಏನು ಕೆಲಸವಿತ್ತು ಎಂದು ಮಾತ್ರ ಕೇಳುವುದಿಲ್ಲ.

ಸಾಮ್ರಾಜ್ಯ ಬ್ರಿಟಿಷರದ್ದೇ ಆಗಬೇಕೆಂದಿಲ್ಲ. ಛತ್ರಪತಿ ಸಂಭಾಜಿನಗರದಿಂದ ವೇರೂಳಕ್ಕೆ, ಅಂದರೆ ಎಲ್ಲೋರಾಕ್ಕೆ, ಹೋಗುವ ದಾರಿಯಲ್ಲಿ ಖುಲ್ದಾಬಾದ್ ಸಿಗುತ್ತದೆ. ಅಲ್ಲಿ ಔರಂಗಜೇಬನ ಸಮಾಧಿಯಿದೆ. 1681ರಲ್ಲಿ ಅವನು ದಖ್ಖನ್ನಿಗೆ ಇಳಿದು ಬರಲು ತಕ್ಷಣದ ಕಾರಣ ಅವನ ಮಗ. ದಂಗೆಯೆದ್ದ ಶಾಹಜಾದೆ ಅಕ್ಬರ್ ಸಂಭಾಜಿಯ ಆಶ್ರಯಕ್ಕೆ ಬಂದಿದ್ದ. ಮಗನನ್ನು ಹಿಡಿಯಲು ಬಂದವನು 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಕೆಡವಿದ, 1689ರಲ್ಲಿ ಸಂಭಾಜಿಯನ್ನು ಕೊಲ್ಲಿಸಿದ. ಮಗ ಅಷ್ಟರಲ್ಲಿ ಹಡಗು ಹತ್ತಿ ಪರ್ಷಿಯಾಕ್ಕೆ ಹೋಗಿಯಾಗಿತ್ತು. ಬಂದ ಕಾರಣ ಇಲ್ಲವಾದರೂ ಬಂದವನು ಉಳಿದ. ಕೋಟೆಯ ನಂತರ ಕೋಟೆ, ಬರ, ಪಿಡುಗು. ಕೊನೆಗೆ 1707ರಲ್ಲಿ ಅಹ್ಮದ್‌ನಗರದಲ್ಲಿ ತೀರಿಕೊಂಡ. ದೆಹಲಿಯನ್ನು ಮತ್ತೆ ನೋಡಲಿಲ್ಲ. ಅವನ ಬಗ್ಗೆ ಇಂದು ನಡೆಯುವ ಜಗಳಗಳಲ್ಲಿ ನನಗೆ ಆಸಕ್ತಿಯಿಲ್ಲ. ಒಂದು ಸಣ್ಣ ಕಾರಣ ಇಪ್ಪತ್ತೈದು ವರ್ಷದ ಯುದ್ಧವಾದದ್ದು ಹೇಗೆ ಎನ್ನುವುದಷ್ಟೇ ನನ್ನ ಕುತೂಹಲ.

ಇವೆಲ್ಲ ಅರಸರ, ಸಾಮ್ರಾಜ್ಯಗಳ ಕತೆ, ಪ್ರಜಾಪ್ರಭುತ್ವದಲ್ಲಿ ಹೀಗಾಗುವುದಿಲ್ಲ ಎನ್ನುವವರಿಗೆ 1987 ಇದೆ. ಅದು ಶುರುವಾದದ್ದೂ ಮುಗಿದದ್ದೂ ಒಂದರ್ಥದಲ್ಲಿ ಬೆಂಗಳೂರಿನಲ್ಲಿ.

ಶ್ರೀಲಂಕಾದ ಸೈನ್ಯ ಜಾಫ್ನಾವನ್ನು ಮುತ್ತಿತ್ತು, ತಮಿಳರಿಗೆ ಆಹಾರವಿರಲಿಲ್ಲ. ಅಲ್ಲಿನ ಸಂಕಟ ನಿಜವಾದದ್ದು. ತಮಿಳು ಉಗ್ರ ಗುಂಪುಗಳಿಗೆ ಭಾರತವೇ ತರಬೇತಿ, ಆಯುಧ ಕೊಟ್ಟಿತ್ತು ಎನ್ನುವುದೂ ನಿಜ. ಜೂನ್ 3ರಂದು ಭಾರತ ದೋಣಿಗಳಲ್ಲಿ ಪರಿಹಾರ ಸಾಮಗ್ರಿ ಕಳಿಸಿತು, ಲಂಕಾ ನೌಕಾಪಡೆ ತಡೆದು ಹಿಂದೆ ಕಳಿಸಿತು. ಮರುದಿನ ಬೆಂಗಳೂರಿನಿಂದ ಐದು ಎಎನ್-32 ವಿಮಾನಗಳು ಹಾರಿದವು. ಕಾವಲಿಗೆ ಮಿರಾಜ್‌ಗಳಿದ್ದವು. ಜಾಫ್ನಾದ ಮೇಲೆ ಸುಮಾರು 25 ಟನ್ ಅಕ್ಕಿ ಬೇಳೆ ಔಷಧ ಉದುರಿಸಿ ಬಂದವು. ಕಾರ್ಯಾಚರಣೆಯ ಹೆಸರು ಪೂಮಾಲೈ, ಹೂಮಾಲೆ. ಹಸಿದವರಿಗೆ ಅಕ್ಕಿ ಕೊಡುವುದನ್ನು ಯಾರು ವಿರೋಧಿಸುತ್ತಾರೆ? ಆದರೆ ಇನ್ನೊಂದು ದೇಶದ ಆಕಾಶಕ್ಕೆ ಅದರ ಒಪ್ಪಿಗೆಯಿಲ್ಲದೆ ಯುದ್ಧವಿಮಾನದ ಕಾವಲಿನಲ್ಲಿ ಹೋಗಿ ಬಂದಾಗ ಒಂದು ಗೆರೆ ದಾಟಿಯಾಗಿತ್ತು.

ಎಂಟು ವಾರದೊಳಗೆ, ಜುಲೈ 29ರಂದು, ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಭಾರತೀಯ ಶಾಂತಿಪಾಲನಾ ಪಡೆ ಇಳಿಯತೊಡಗಿತು. ಅದೇ ದಿನ ಕೊಲಂಬೊದಲ್ಲಿ ಗೌರವ ವಂದನೆ ಸ್ವೀಕರಿಸುತ್ತಿದ್ದ ನಮ್ಮ ಪ್ರಧಾನಿಯ ಮೇಲೆ ಅಲ್ಲಿನ ನೌಕಾಪಡೆಯ ಯೋಧನೊಬ್ಬ ಬಂದೂಕಿನ ಹಿಂಬದಿಯಿಂದ ಹೊಡೆದ. ಇದಕ್ಕಿಂತ ಸ್ಪಷ್ಟ ಮುನ್ಸೂಚನೆ ಬೇಕಿತ್ತೆ? ಜಾಫ್ನಾದ ಜನ ನಮ್ಮ ಸೈನಿಕರಿಗೆ ಹಾರ ಹಾಕಿದರು. ಅಕ್ಟೋಬರ್ 10ರ ಹೊತ್ತಿಗೆ ಅದೇ ಸೈನಿಕರು ಅದೇ ಊರಿನ ಬೀದಿಗಳಲ್ಲಿ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿದಿದ್ದರು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಮಂದಿ ಸತ್ತರು. ಅಕ್ಟೋಬರ್ 21, ದೀಪಾವಳಿಯಂದು, ನಮ್ಮ ಪಡೆ ಹೊಕ್ಕ ಜಾಫ್ನಾ ಆಸ್ಪತ್ರೆಯಲ್ಲಿ ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಗುಂಡಿನ ಚಕಮಕಿಯಲ್ಲಿ ಎಂದು ಸೇನೆ ಹೇಳಿತು. ಕೊಲೆ ಎಂದು ಬದುಕುಳಿದವರು ಹೇಳಿದರು.

ನವೆಂಬರ್ 25ರಂದು ಮಹಾರ್ ರೆಜಿಮೆಂಟಿನ ಎಂಟನೆಯ ಬೆಟಾಲಿಯನ್‌ನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಎದೆಗೆ ಗುಂಡು ತಗುಲಿದರೂ ಎದುರಾಳಿಯ ಬಂದೂಕು ಕಸಿದು ಹೋರಾಡಿ ಸತ್ತರು. ಅವರಿಗೆ ಪರಮವೀರ ಚಕ್ರ ಬಂತು. 1941ರಲ್ಲಿ ಮೊದಲ ಮಹಾರ್ ಬೆಟಾಲಿಯನ್ ಕಟ್ಟಿದ್ದು ಬೆಳಗಾವಿಯಲ್ಲಿ. ಮರಾಠವಾಡಾ, ಖಾನ್‌ದೇಶದ ಎಷ್ಟೋ ಹಳ್ಳಿಯ ಮನೆಗಳಿಗೆ ಆ ರೆಜಿಮೆಂಟ್ ಅಂದರೆ ಮಾನ. ಆ ಮಾನವನ್ನು ಪ್ರಶ್ನಿಸಲು ನನಗೆ ಬಾಯಿಯಿಲ್ಲ, ಮನಸ್ಸೂ ಇಲ್ಲ. ನನ್ನ ಜಗಳ ಹೋದವರ ಜೊತೆಗಲ್ಲ. ಏನು ಮುಗಿಸಿ ಬರಬೇಕೆಂದು ಹೇಳದೆ ಕಳಿಸಿದವರ ಜೊತೆ.

ಕರೆದವರೇ 1989ರಲ್ಲಿ ಹೊರಡಿ ಎಂದರು. ಹೊಸ ಅಧ್ಯಕ್ಷ ಪ್ರೇಮದಾಸ, ಭಾರತೀಯ ಪಡೆ ಜುಲೈ ಕೊನೆಗೆ ಖಾಲಿ ಮಾಡಬೇಕೆಂದು ಗಡುವು ಕೊಟ್ಟರು. ಕೊನೆಯ ತುಕಡಿ ಹೊರಟದ್ದು 1990ರ ಮಾರ್ಚ್ 24ರಂದು. ಸುಮಾರು 1,200 ಯೋಧರು ಮರಳಲೇ ಇಲ್ಲ. ಮರಳಿದವರು ಮದ್ರಾಸಿನ ಬಂದರಿನಲ್ಲಿ ಇಳಿದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಕ್ಕೆ ಹೋಗಲಿಲ್ಲ. ಮರುವರ್ಷ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯ ಹತ್ಯೆಯಾಯಿತು. ಆ ಹತ್ಯೆಯ ಸೂತ್ರಧಾರ ಶಿವರಾಸನ್, ಶುಭಾ ಮತ್ತು ಜೊತೆಗಾರರು ಆಗಸ್ಟ್ 20ರ ಬೆಳಗಿನ ಜಾವ ಹೆಣವಾಗಿ ಸಿಕ್ಕಿದ್ದು ಬೆಂಗಳೂರಿನ ಅಂಚಿನ ಕೋಣನಕುಂಟೆಯ ಒಂದು ಬಾಡಿಗೆ ಮನೆಯಲ್ಲಿ. ನಾಲ್ಕು ವರ್ಷದ ಹಿಂದೆ ಅಕ್ಕಿಯ ಮೂಟೆ ಹೊತ್ತ ವಿಮಾನಗಳು ಹಾರಿದ ಅದೇ ಊರು. ಪರದೇಶದ ಯುದ್ಧ ಪರದೇಶದಲ್ಲಿಯೇ ಉಳಿಯುತ್ತದೆ ಎನ್ನುವವರು ಒಮ್ಮೆ ಕೋಣನಕುಂಟೆಯನ್ನು ನೆನೆಯಬೇಕು.

1987ರ ಜುಲೈನಲ್ಲಿ ಈ ದೇಶದಲ್ಲಿ ಗಟ್ಟಿಯಾದ ಚರ್ಚೆ ನಡೆಯಲಿಲ್ಲ. ನಡೆಯಲು ಸಮಯವೂ ಇರಲಿಲ್ಲ. ಒಪ್ಪಂದದ ಮರುದಿನವೇ ಪಡೆ ಇಳಿಯಿತಲ್ಲ. ನಮ್ಮ ಸಂವಿಧಾನದಲ್ಲಿ ಪರದೇಶಕ್ಕೆ ಸೈನ್ಯ ಕಳಿಸಲು ಸಂಸತ್ತಿನ ಮುಂಗಡ ಒಪ್ಪಿಗೆ ಬೇಕೆಂಬ ನಿಯಮವಿಲ್ಲ. ಪಡೆ ಹೋದ ಮೇಲೆ ಚರ್ಚೆಗಳಾದವು, ಬೇಕಾದಷ್ಟು. ಆದರೆ ಹೋದ ಮೇಲಿನ ಮಾತು ಬೇರೆ ಬಗೆಯದು. ಅದರಲ್ಲಿ ಮೂರು ಬದಲಾವಣೆಗಳಾಗಿರುತ್ತವೆ.

ಮೊದಲನೆಯದು, ಹೋದ ಉದ್ದೇಶ ಹಿಂದೆ ಸರಿದು ಹೋದವರ ರಕ್ಷಣೆಯೇ ಉದ್ದೇಶವಾಗುತ್ತದೆ. ಇದ್ದವರನ್ನು ಕಾಯಲು ಇನ್ನಷ್ಟು ಜನ, ಅವರನ್ನು ಕಾಯಲು ಮತ್ತಷ್ಟು. ಲಂಕೆಗೆ ಮೊದಲು ಹೋದದ್ದು ಕೆಲವು ಸಾವಿರ, ಅದು ಎಪ್ಪತ್ತು ಸಾವಿರ ಮೀರಿತು. ಎರಡನೆಯದು, ಸತ್ತವರೇ ವಾದವಾಗುತ್ತಾರೆ. ಈಗ ಹಿಂದಿರುಗಿದರೆ ಅವರ ಬಲಿದಾನ ವ್ಯರ್ಥವಾಗುತ್ತದೆ ಎನ್ನುತ್ತಾರೆ. ನೂರು ಜನ ಸತ್ತದ್ದು ಇನ್ನೂರು ಜನ ಸಾಯಲು ಕಾರಣವಾಗುತ್ತದೆ. ಸತ್ತವರನ್ನು ಕೇಳಿದವರು ಯಾರೂ ಇಲ್ಲ. ಮೂರನೆಯದು, ನೀತಿಯ ಬಗ್ಗೆ ಕೇಳಿದ ಪ್ರಶ್ನೆ ಸೈನಿಕನ ಮೇಲಿನ ಅನುಮಾನದಂತೆ ಕೇಳಿಸುತ್ತದೆ. ಗಡಿಯಲ್ಲಿ ನಮ್ಮ ಹುಡುಗರು ಒದ್ದಾಡುತ್ತಿರುವಾಗ ನೀನು ಇಲ್ಲಿ ಕುಳಿತು ಮಾತಾಡುತ್ತೀಯಾ ಎಂಬ ಒಂದು ಸಾಲಿಗೆ ಉತ್ತರವಿಲ್ಲದೆ ಎಷ್ಟೋ ಪ್ರಾಮಾಣಿಕರು ಬಾಯಿ ಮುಚ್ಚುತ್ತಾರೆ. ಆದ್ದರಿಂದ ಸೈನಿಕನ ಮೇಲೆ ನಿಜವಾದ ಪ್ರೀತಿಯಿರುವವನು ಮಾತಾಡಬೇಕಾದ ಹೊತ್ತು ಅವನಿನ್ನೂ ದಂಡುಪ್ರದೇಶದಲ್ಲಿ ಚಹಾ ಕುಡಿಯುತ್ತಿರುವಾಗ.

ಹಾಗೆ ಮಾತಾಡಿದ್ದಕ್ಕೂ ನಮ್ಮಲ್ಲಿಯೇ ಉದಾಹರಣೆಯಿದೆ. 2003ರ ಮಾರ್ಚ್‌ನಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿತು. ಏಪ್ರಿಲ್ 8ರಂದು ಲೋಕಸಭೆ ಪಕ್ಷಭೇದ ಮರೆತು ಅದನ್ನು ನಿಂದಿಸಿ ನಿರ್ಣಯ ಮಾಡಿತು. ಮೇ ತಿಂಗಳ ಹೊತ್ತಿಗೆ ಸದ್ದಾಂ ಬಿದ್ದಿದ್ದ, ಯುದ್ಧ ಮುಗಿಯಿತೆಂದು ಅಮೆರಿಕದ ಅಧ್ಯಕ್ಷರು ಸಾರಿಯಾಗಿತ್ತು. ಆಗ ಭಾರತಕ್ಕೆ ಕೋರಿಕೆ ಬಂತು: ಉತ್ತರ ಇರಾಕಿನ ಭದ್ರತೆಗೆ ಒಂದು ಡಿವಿಜನ್, ಸುಮಾರು 17,000 ಜನ, ಕಳಿಸಿಕೊಡಿ.

ಕಳಿಸಬೇಕೆನ್ನುವವರು ಮೂರ್ಖರೇನಲ್ಲ. ಯುದ್ಧ ಮುಗಿದಿದೆ, ಇದು ಬರೀ ಕಾವಲು ಕೆಲಸ. ಅಮೆರಿಕದ ಸ್ನೇಹ ಗಟ್ಟಿಯಾಗುತ್ತದೆ. ಇರಾಕಿನ ಪುನರ್ನಿರ್ಮಾಣದಲ್ಲಿ ಗುತ್ತಿಗೆಗಳು ಸಿಗುತ್ತವೆ. ದೊಡ್ಡ ದೇಶವಾಗಬೇಕಾದರೆ ದೊಡ್ಡ ಜವಾಬ್ದಾರಿ ಹೊರಬೇಕು. ದೆಹಲಿಯ ಅಧಿಕಾರವಲಯದಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ಈ ಮಾತುಗಳು ಗಟ್ಟಿಯಾಗಿಯೇ ಕೇಳಿಬಂದವು. ಎದುರಿಗೆ ಕಾಂಗ್ರೆಸ್, ಎಡಪಕ್ಷಗಳು, ನಿವೃತ್ತ ಸೇನಾಧಿಕಾರಿಗಳಲ್ಲಿ ಕೆಲವರು ಬೇಡವೆಂದರು. ಎಡಪಕ್ಷಗಳ ನಾಯಕರು ಪ್ರಧಾನಿ ವಾಜಪೇಯಿಯವರನ್ನು ಕಂಡಾಗ, ನಿಮ್ಮ ವಿರೋಧ ಬೀದಿಯಲ್ಲಿ ಅಷ್ಟಾಗಿ ಕೇಳಿಸುತ್ತಿಲ್ಲವಲ್ಲ ಎಂಬರ್ಥದ ಮಾತನ್ನು ಅವರೇ ಆಡಿದರೆಂದು ದೆಹಲಿಯಲ್ಲಿ ಹೇಳಿಕೊಂಡು ಬಂದ ಕತೆಯೊಂದಿದೆ. ಕತೆಯ ತೂಕ ಏನೇ ಇರಲಿ, ಅದರಲ್ಲಿ ಒಂದು ತಿಳಿವಿದೆ. ಇಲ್ಲವೆನ್ನಲು ಮನಸ್ಸಿರುವ ಆಳುವವನಿಗೂ ಇಲ್ಲವೆನ್ನಲು ಒಂದು ಸದ್ದಿನ ಆಸರೆ ಬೇಕು.

ಜುಲೈ 14ರಂದು ಭದ್ರತಾ ವ್ಯವಹಾರಗಳ ಸಂಪುಟ ಸಮಿತಿ ಸೇರಿತು. ರಕ್ಷಣಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಪಡೆ ಕಳಿಸಲಾಗದು ಎಂದು ತೀರ್ಮಾನವಾಯಿತು. ಐದು ವಾರದ ನಂತರ, ಆಗಸ್ಟ್ 19ರಂದು, ಬಾಗ್ದಾದಿನ ವಿಶ್ವಸಂಸ್ಥೆ ಕಚೇರಿ ಬಾಂಬಿಗೆ ಸಿಕ್ಕಿತು. ವಿಶೇಷ ಪ್ರತಿನಿಧಿ ಸರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಮಂದಿ ಸತ್ತರು. ನವೆಂಬರ್ 12ರಂದು ನಾಸಿರಿಯಾದಲ್ಲಿ, ಕಾವಲು ಕೆಲಸಕ್ಕೆಂದೇ ಬಂದಿದ್ದ ಇಟಲಿಯ ಪಡೆಯ ನೆಲೆ ಸ್ಫೋಟಗೊಂಡು 19 ಇಟಾಲಿಯನ್ನರು ಸತ್ತರು. ಬರೀ ಕಾವಲು ಎಂದದ್ದು ಏನಾಯಿತೆಂದು ಇಟಲಿ ತಿಳಿಯಿತು. ನಾವು ತಿಳಿಯಬೇಕಾಗಿ ಬರಲಿಲ್ಲ.

ಬೇಗ ಎದ್ದ ವಿರೋಧ ಯಾವಾಗಲೂ ಗೆಲ್ಲುತ್ತದೆ ಎಂದು ನಾನು ಹೇಳಲಾರೆ. ಅದೇ 2003ರ ಫೆಬ್ರವರಿ 15ರಂದು ಲಂಡನ್, ರೋಮ್, ಮ್ಯಾಡ್ರಿಡ್‌ನ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ಬಂದರು. ಯುದ್ಧ ನಿಲ್ಲಲಿಲ್ಲ. ಆದರೆ ಮಾರ್ಚ್ 1ರಂದು ತುರ್ಕಿಯ ಸಂಸತ್ತಿನಲ್ಲಿ, ಅಮೆರಿಕದ ಸೈನ್ಯಕ್ಕೆ ನೆಲ ಬಿಟ್ಟುಕೊಡುವ ನಿರ್ಣಯಕ್ಕೆ ಬೇಕಾದ ಬಹುಮತ ಮೂರು ಮತಗಳಿಂದ ತಪ್ಪಿತು. ಪರವಾಗಿ 264, ವಿರುದ್ಧವಾಗಿ 250, ತಟಸ್ಥರು 19. ಕಾಳು ಕಾಳಾಗಿ ಎಣಿಸಿದರೆ ಒಬ್ಬೊಬ್ಬರ 'ಬೇಡ'ವೂ ಲೆಕ್ಕಕ್ಕೆ ಬರುತ್ತದೆ.

ಈಗ ಎದುರು ವಾದವನ್ನು ಕೇಳೋಣ, ಅದು ಹಗುರವಾದದ್ದಲ್ಲ. 1971ರಲ್ಲಿ ಭಾರತ ಪೂರ್ವ ಬಂಗಾಳಕ್ಕೆ ಸೈನ್ಯ ಕಳಿಸದೆ ಇದ್ದಿದ್ದರೆ? ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. 1994ರಲ್ಲಿ ರುವಾಂಡಾದಲ್ಲಿ ನೂರು ದಿನದಲ್ಲಿ ಲಕ್ಷಾಂತರ ಜನರ ಕಗ್ಗೊಲೆಯಾಗುವಾಗ ಜಗತ್ತು 'ಬೇಡ' ಎಂದು ಸುಮ್ಮನೆ ಕುಳಿತಿತಲ್ಲ, ಅದು ಶಾಂತಿಯೆ? 1988ರ ನವೆಂಬರ್ 3ರ ರಾತ್ರಿ ಮಾಲ್ಡೀವ್ಸ್ ಅಧ್ಯಕ್ಷರ ಕರೆಗೆ ಓಗೊಟ್ಟು ಆಗ್ರಾದಿಂದ ಹಾರಿದ ನಮ್ಮ ಪ್ಯಾರಾ ಪಡೆ ಬಾಡಿಗೆ ಬಂಟರ ದಂಗೆಯನ್ನು ಗಂಟೆಗಳಲ್ಲಿ ಅಡಗಿಸಿತು, ಬಹುಪಾಲು ಪಡೆ ಬೇಗನೆ ಮರಳಿತು. ಇದರಲ್ಲಿ ತಪ್ಪೇನು?

ತಪ್ಪಿಲ್ಲ. ಹೊರಗೆ ಕಾಲಿಟ್ಟದ್ದೆಲ್ಲ ಅಧರ್ಮ ಎಂಬ ಸೂತ್ರ ನನ್ನ ಬಳಿಯಿಲ್ಲ. ಆದರೆ ಗಮನಿಸಿ: 1971ರಲ್ಲಿ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಬೇರೆ ಎಲ್ಲ ಬಾಗಿಲುಗಳನ್ನು ತಟ್ಟಲಾಯಿತು. ಜಯಪ್ರಕಾಶ ನಾರಾಯಣರು ದೇಶದೇಶ ಸುತ್ತಿದರು, ಪ್ರಧಾನಿಯೇ ಪಶ್ಚಿಮದ ರಾಜಧಾನಿಗಳಿಗೆ ಹೋಗಿ ಬಂದರು. ಯುದ್ಧ ಡಿಸೆಂಬರ್ 16ಕ್ಕೆ ಮುಗಿಯಿತು. ಮುಂದಿನ ಮಾರ್ಚ್‌ನಲ್ಲಿ ನಮ್ಮ ಪಡೆ ಢಾಕಾದಿಂದ ಬೀಳ್ಕೊಂಡು ಮನೆಗೆ ಬಂತು. ಹೋಗುವ ಮುನ್ನವೇ ಮರಳುವ ದಾರಿ ಕಾಣುತ್ತಿತ್ತು. ಮಾಲ್ಡೀವ್ಸ್‌ನಲ್ಲಿಯೂ ಹಾಗೆಯೇ. ಮೆಸೊಪೊಟೇಮಿಯಾದಲ್ಲಿ, ಲಂಕೆಯಲ್ಲಿ ಕಾಣದೆ ಹೋದದ್ದು ಅದೇ.

ಸರಿಯಾದ ಕಾರಣಕ್ಕೆ ಹೋದಾಗಲೂ ಲೆಕ್ಕ ಕೇಳುವುದನ್ನು ಬಿಡಲಾಗದು ಎಂಬುದಕ್ಕೆ ನಮ್ಮ ಎರಡು ಸೀಮೆಗಳು ಹಂಚಿಕೊಂಡ ನೆನಪೊಂದಿದೆ. ಸಂಭಾಜಿನಗರವೂ ಕಲಬುರಗಿ, ಬೀದರ್, ರಾಯಚೂರೂ ಒಂದು ಕಾಲಕ್ಕೆ ನಿಜಾಮನ ಆಳ್ವಿಕೆಯಲ್ಲಿದ್ದವು. ರಜಾಕಾರರ ಕಾಟ ಕಂಡ ಹಳ್ಳಿಗಳಿಗೆ 1948ರ ಸೆಪ್ಟೆಂಬರ್‌ನ ಕಾರ್ಯಾಚರಣೆ ಬಿಡುಗಡೆಯೇ ಆಗಿತ್ತು. ಸೆಪ್ಟೆಂಬರ್ 17ನ್ನು ಎರಡೂ ಕಡೆ ಹಬ್ಬವಾಗಿ ಆಚರಿಸುತ್ತೇವೆ. ಅದು ಪರದೇಶದ ಕತೆಯಲ್ಲ, ಆದರೂ ಪಡೆ ನುಗ್ಗಿದ ಐದು ದಿನಗಳ ನಂತರ ಏನಾಯಿತೆಂದು ತಿಳಿಯಲು ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸುಮಾರು 27,000ದಿಂದ 40,000 ಜನ ಹತರಾದರೆಂದು ಅಂದಾಜಿಸಿತು. ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆ ಗುಲ್ಬರ್ಗಾ, ಬೀದರ್ ಇದ್ದವು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಕಾರಣ ನ್ಯಾಯವಾದದ್ದು ಎನ್ನುವುದು ಪರಿಣಾಮಗಳನ್ನು ತೊಳೆದು ಹಾಕುವುದಿಲ್ಲ.

ಹಾಗಾದರೆ ಬೇಗ ಎದ್ದು 'ಬೇಡ' ಎನ್ನುವವನು ಹೇಗಿರಬೇಕು? ನಾನು ಬದುಕುತ್ತಿರುವ ಈ ನೆಲದಲ್ಲಿಯೇ ಒಂದು ಉತ್ತರವಿದೆ. ಡಾ. ಅಂಬೇಡ್ಕರ್ 1930ರಲ್ಲಿ ನಾಸಿಕ್‌ನ ಕಾಳಾರಾಮ ದೇವಾಲಯದ ಸತ್ಯಾಗ್ರಹ ಹೂಡಿದರು, 1935ರಲ್ಲಿ ಇದೇ ಜಿಲ್ಲೆಯ ಯೇವಲಾದಲ್ಲಿ, ಹಿಂದೂವಾಗಿ ಸಾಯಲಾರೆ ಎಂದು ಸಾರಿದರು, 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು ಕಟ್ಟಿದರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಸಿದ್ಧಾರ್ಥ ಮನೆ ಬಿಟ್ಟ ಕಾರಣವನ್ನು ಬೇರೆಯೇ ರೀತಿ ಹೇಳುತ್ತಾರೆ. ರೋಗಿ, ಮುದುಕ, ಹೆಣ ನೋಡಿ ಮಧ್ಯರಾತ್ರಿ ಹೊರಟವನಲ್ಲ ಅವರ ಸಿದ್ಧಾರ್ಥ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧ ಸಾರಲು ಹೊರಟಾಗ ಶಾಕ್ಯ ಸಂಘದಲ್ಲಿ ಎದ್ದುನಿಂತು ಬೇಡ ಎಂದವನು.

ಅವನು ಬರೀ ಬೇಡ ಎನ್ನುವುದಿಲ್ಲ. ನಮ್ಮ ತಪ್ಪೂ ಇರಬಹುದು, ಮೊದಲು ವಿಚಾರಣೆಯಾಗಲಿ, ಎರಡೂ ಕಡೆಯಿಂದ ಇಬ್ಬಿಬ್ಬರು ಕೂತು ಐದನೆಯವನನ್ನು ಆರಿಸಿ ಜಗಳ ಬಗೆಹರಿಸಲಿ ಎಂದು ದಾರಿ ತೋರಿಸುತ್ತಾನೆ. ಮತಕ್ಕೆ ಹಾಕಿದಾಗ ಸೋಲುತ್ತಾನೆ. ಬಹುಮತಕ್ಕೆ ತಲೆಬಾಗಿ ಸೈನ್ಯ ಸೇರು ಎಂದರೆ ಸೇರುವುದಿಲ್ಲ, ಕುಟುಂಬಕ್ಕೆ ಶಿಕ್ಷೆಯಾಗದಿರಲೆಂದು ತಾನೇ ದೇಶ ಬಿಡಲು ಒಪ್ಪುತ್ತಾನೆ. ಆಮೇಲೆ ಅವನಿಗೆ ಸುದ್ದಿ ಬರುತ್ತದೆ: ಅವನು ಹೊರಟ ಮೇಲೆ ಜನ ಬೀದಿಗಿಳಿದರು, ಸಂಘ ಮತ್ತೆ ಯೋಚಿಸಿತು, ರಾಜಿಯಾಯಿತು. ಸಭೆಯಲ್ಲಿ ಸೋತ ಮಾತು ಊರಿನಲ್ಲಿ ಗೆದ್ದಿತು. ಈ ಸಿದ್ಧಾರ್ಥನಲ್ಲಿ ನನಗೆ ಕಾಣುವುದು ಮೂರು: ಯುದ್ಧಕ್ಕೆ ಮೊದಲು ಮಾತಾಡಿದ, ಬದಲಿ ದಾರಿ ಇಟ್ಟು ಮಾತಾಡಿದ, ಬೆಲೆ ತಾನೇ ತೆತ್ತ.

ನಾವು ವಲಸೆ ಬಂದವರು. ಸಾತಪುರ, ಅಂಬಡ, ವಾಳೂಜ್‌ನ ಕಾರ್ಖಾನೆಗಳಲ್ಲಿ ದುಡಿಯುವವರು, ಇಲ್ಲಿನ ಕಾಲೇಜುಗಳಲ್ಲಿ ಓದುವವರು. ಇಲ್ಲಿನ ರಾಜಕೀಯ ನಮ್ಮದಲ್ಲ, ಊರಿನ ರಾಜಕೀಯ ದೂರವಾಯಿತು, ವಿದೇಶಾಂಗ ನೀತಿಯಂತೂ ದೊಡ್ಡವರ ವಿಷಯ ಎಂದು ಮೂರು ಸಲ ಕೈ ತೊಳೆದುಕೊಳ್ಳುವುದು ನಮಗೆ ಸುಲಭ. ಆದರೆ ಯಂತ್ರದ ಬಿಡಿಭಾಗ ನಮ್ಮ ಕೈಯಿಂದ ಹೋಗುತ್ತದೆ, ತೆರಿಗೆ ನಮ್ಮ ಸಂಬಳದಿಂದ ಹೋಗುತ್ತದೆ, ಕರಾವಳಿಯ ನೆಂಟರು ಕೊಲ್ಲಿ ದೇಶಗಳಲ್ಲಿದ್ದಾರೆ. 1990ರಲ್ಲಿ ಕುವೈತಿನಿಂದ ಸುಮಾರು 1,70,000 ಭಾರತೀಯರು ಬರಿಗೈಯಲ್ಲಿ ಮರಳಿದ್ದನ್ನು ಮಂಗಳೂರು, ಉಡುಪಿಯ ಮನೆಗಳು ಮರೆತಿಲ್ಲ. ಯುದ್ಧವಿಮಾನ ಕಟ್ಟುವವನಿಗೆ ಯುದ್ಧ ಬೇಡ ಎನ್ನುವ ಹಕ್ಕಿಲ್ಲ ಎನ್ನುವವರಿದ್ದಾರೆ. ನನಗೆ ಅದು ತಲೆಕೆಳಗಾದ ಮಾತಾಗಿ ಕಾಣುತ್ತದೆ. ಬೀಗ ಮಾಡುವವನಿಗಿಂತ ಹೆಚ್ಚಾಗಿ ಅದು ಯಾವ ಬಾಗಿಲಿಗೆ ಎಂದು ಕೇಳುವ ಹಕ್ಕು ಯಾರಿಗಿದೆ?

ಮುಂದೊಂದು ದಿನ ಇಂಥ ಕೋರಿಕೆ ಮತ್ತೆ ಬರುತ್ತದೆ. ದೇಶ ದೊಡ್ಡದಾದಷ್ಟೂ ಕೋರಿಕೆಗಳೂ ಹೆಚ್ಚುತ್ತವೆ. ಆಗ ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ಕರೆದವರು ಯಾರು, ಅವರು ತಮ್ಮ ಎಲ್ಲ ಜನರ ಪರವಾಗಿ ಕರೆದರೆ? ಏನಾದರೆ ಕೆಲಸ ಮುಗಿದಂತೆ? ಮರಳುವ ದಿನವನ್ನು ತೀರ್ಮಾನಿಸುವವರು ಯಾರು? ಸಂಸತ್ತಿನಲ್ಲಿ ಮೊದಲೇ ಚರ್ಚೆಯಾಯಿತೆ? ಇವನ್ನು ಕ್ಯಾಂಟೀನಿನಲ್ಲಿ ಕೇಳಬಹುದು, ಕಾರ್ಮಿಕ ಸಂಘದ ಸಭೆಯಲ್ಲಿ ಕೇಳಬಹುದು, ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಒಂದು ಪತ್ರ ಬರೆದು ಸಂಸದರನ್ನು ಕೇಳಬಹುದು. ಕೇಳಿದವನು ಆ ಹೊತ್ತಿಗೆ ಅಂಜುಬುರುಕನಂತೆ ಕಾಣುತ್ತಾನೆ. ಅವನ ಮಾತು ಗೆದ್ದರೆ ಅವನು ಸರಿಯೆಂದು ಸಾಬೀತೂ ಆಗುವುದಿಲ್ಲ, ಯಾಕೆಂದರೆ ಆಗಬಾರದ್ದು ಆಗಿರುವುದಿಲ್ಲ.

2003ರ ಆ ಡಿವಿಜನ್ನಿಗೆ ಸ್ಮಾರಕವಿಲ್ಲ. ಇರಾಕಿಗೆ ಹೋಗಬೇಕಾಗಿದ್ದ ಹದಿನೇಳು ಸಾವಿರ ಮಂದಿ ಯಾರ್ಯಾರು ಎಂದು ಅವರಿಗೂ ಗೊತ್ತಿಲ್ಲ. ಆಗ ಇಪ್ಪತ್ತೈದರ ಹರೆಯದಲ್ಲಿದ್ದವರು ಈಗ ನಿವೃತ್ತರು. ಒಬ್ಬ ನಿಫಾಡ್‌ನಲ್ಲಿ ದ್ರಾಕ್ಷಿ ಬೆಳೆಯುತ್ತಿರಬಹುದು, ಒಬ್ಬ ಗೋಕಾಕಿನಲ್ಲಿ ಮಗಳ ಮದುವೆಗೆ ಓಡಾಡುತ್ತಿರಬಹುದು, ಇನ್ನೊಬ್ಬ ನಮ್ಮದೇ ಸೊಸೈಟಿಯ ಗೇಟಿನಲ್ಲಿ ಕುಳಿತು ರಾತ್ರಿ ತಡವಾಗಿ ಬಂದವರ ವಾಹನದ ಸಂಖ್ಯೆ ಬರೆದುಕೊಳ್ಳುತ್ತಿರಬಹುದು.